ಪಾನಮತ್ತ ಚಾಲಕರಿಗೆ ಆಪ್ತಸಲಹೆ

ಮುಂಬಯಿಯ ಪೂರ್ವಕ್ಕೆ ಹಬ್ಬಿರುವ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿ ನಗರಗಳಲ್ಲಿ ದುಡಿಮೆಯ ದಿನವು ಮಧ್ಯರಾತ್ರಿಯಾದರೂ ಮುಗಿಯುವುದಿಲ್ಲ. ಹೋಟೆಲುಗಳು ಬಾಗಿಲು ಹಾಕುವ, ಕಾರ್ಖಾನೆಗಳ ಪಾಳಿ ಬಿಡುವ, ತುರ್ಭೆಯ ಸಗಟು ಮಾರುಕಟ್ಟೆಗೆ ಸರಕು ಹೊತ್ತ ಲಾರಿಗಳು ಬಂದು ಸೇರುವ ಹೊತ್ತು ಹೆಚ್ಚುಕಡಿಮೆ ಒಂದೇ. ಲೋಕಲ್ ರೈಲಿನ ಕೊನೆಯ ಗಾಡಿ ಹೊರಟುಹೋದ ಬಳಿಕ ನಸುಕಿನವರೆಗೆ ಜನರಿಗೆ ಉಳಿಯುವುದು ರಸ್ತೆ ಮಾತ್ರ. ಘೋಡಬಂದರ್ ರಸ್ತೆ, ಮುಂಬ್ರಾ ಬೈಪಾಸ್, ಕಲ್ಯಾಣ–ಶೀಳ್ ರಸ್ತೆ, ಠಾಣೆ–ಬೇಲಾಪುರ ರಸ್ತೆ, ಪಾಮ್ ಬೀಚ್ ಮಾರ್ಗ ಇವೆಲ್ಲವೂ ಆ ಹೊತ್ತಿನಲ್ಲಿ ತೆರವಾಗಿರುವಂತೆ ಕಾಣುತ್ತವೆ. ಆದರೆ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿನ ಭಾರಿ ಕಂಟೇನರ್ ವಾಹನಗಳು ಸಂಚರಿಸುವುದೂ ಇದೇ ಹೊತ್ತಿನಲ್ಲಿ, ಇವುಗಳಲ್ಲಿ ಹಲವು ರಸ್ತೆಗಳಲ್ಲಿ. ಎರಡು ಪೆಗ್ ಕುಡಿದು ಸ್ಕೂಟರ್ ಏರಿದವನು ಈ ವಾಹನಗಳ ನಡುವೆ ದಾರಿ ಮಾಡಿಕೊಂಡು ಮನೆ ಸೇರಬೇಕಾಗುತ್ತದೆ.

2022ನೆಯ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯವು ಪ್ರಕಟಿಸಿದೆ. ಇವುಗಳಲ್ಲಿ ಮದ್ಯಪಾನದ ಲೆಕ್ಕಕ್ಕೆ ಸೇರುವ ಸಾವುಗಳ ಪಾಲು ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಅಪಘಾತಕ್ಕೀಡಾದವರ ರಕ್ತವನ್ನು ಎಲ್ಲ ಕಡೆಗಳಲ್ಲಿಯೂ, ಸಕಾಲದಲ್ಲಿ ಪರೀಕ್ಷಿಸುವ ಪದ್ಧತಿ ಇಲ್ಲದಿರುವಾಗ ಈ ಲೆಕ್ಕವನ್ನು ಪೂರ್ಣವೆಂದು ನಂಬುವುದು ಕಷ್ಟ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನಂತೆ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವುದು ಉಸಿರು ತಪಾಸಣೆಯಿಂದ ಕಂಡುಬಂದರೆ ಅದು ಅಪರಾಧ. ಇಂಗ್ಲೆಂಡಿನಲ್ಲಿ ಈ ಮಿತಿ 80 ಮಿಲಿಗ್ರಾಮ್ ಇರುವುದನ್ನು ನೋಡಿದರೆ ನಮ್ಮ ಕಾನೂನು ಸಡಿಲವೆನ್ನಲಾಗದು. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಗಳ ದಂಡ ಅಥವಾ ಎರಡನ್ನೂ, ಮರು ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ ಅಥವಾ 15,000 ರೂಪಾಯಿಗಳ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಚಾಲನಾ ಪರವಾನಗಿಯನ್ನು ಅಮಾನತಿನಲ್ಲಿಡುವುದಕ್ಕೂ ಅವಕಾಶವಿದೆ. ಮುಂಬಯಿ ಸಂಚಾರ ಪೊಲೀಸರು 2007ರಲ್ಲಿ ಕೈಗೊಂಡ ತೀವ್ರ ಕಾರ್ಯಾಚರಣೆಯ ನಂತರ ಈ ಭಾಗದ ಜನರಿಗೆ ಉಸಿರು ತಪಾಸಣಾ ಯಂತ್ರ ಹೊಸದಾಗಿ ಉಳಿದಿಲ್ಲ. ಡಿಸೆಂಬರ್ 31ರ ರಾತ್ರಿ, ಹೋಳಿಯ ದಿನ ಮತ್ತು ಶ್ರಾವಣ ಹುಟ್ಟುವ ಮುನ್ನ ಬರುವ 'ಗಟಾರಿ' ಅಮಾವಾಸ್ಯೆಯಂದು ನಾಕಾಬಂದಿ ನಡೆಯುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. (ಕನ್ನಡನಾಡಿನ ಗೃಹಿಣಿಯರು ಪತಿಯ ದೀರ್ಘಾಯುಷ್ಯವನ್ನು ಕೋರಿ ಭೀಮನ ಅಮಾವಾಸ್ಯೆಯ ಪೂಜೆ ಮಾಡುವ ದಿನವೂ ಇದೇ ಆಗಿದೆ.)

ಸಿಕ್ಕಿಬಿದ್ದವನಿಗೆ ದಂಡವಾಗುತ್ತದೆ. ದಂಡ ಕಟ್ಟಿದ ಬಳಿಕ ಅವನು ಮುಂದಿನ ಶನಿವಾರ ಏನು ಮಾಡುತ್ತಾನೆಂಬುದಕ್ಕೆ ದಂಡದ ರಸೀದಿಯಲ್ಲಿ ಉತ್ತರವಿರುವುದಿಲ್ಲ. ನಾಕಾಬಂದಿ ಎಲ್ಲಿರುತ್ತದೆಂದು ತಿಳಿದುಕೊಂಡು ಬೇರೆ ದಾರಿ ಹಿಡಿಯುವುದನ್ನಷ್ಟೇ ಅನೇಕರು ಕಲಿಯುತ್ತಾರೆ. ಆಪ್ತಸಲಹೆಯ ಕೆಲಸ ಆರಂಭವಾಗಬೇಕಾದದ್ದು ಇಲ್ಲಿಂದ. ಶಿಕ್ಷೆಯ ಸ್ಥಾನದಲ್ಲಿ ಸಲಹೆಯನ್ನು ಇರಿಸಬೇಕೆಂಬುದು ಇದರ ಅರ್ಥವಲ್ಲ. ಶಿಕ್ಷೆಯಿಂದ ಉಂಟಾದ ಎಚ್ಚರವು ಮಾಸುವುದರೊಳಗೆ, ಅಂದರೆ ನ್ಯಾಯಾಲಯಕ್ಕೆ ಹೋಗಿಬಂದು ವಾಹನ ಬಿಡಿಸಿಕೊಳ್ಳುವ ಆ ಕೆಲವು ದಿನಗಳಲ್ಲಿಯೇ, ಅವನೊಡನೆ ಮಾತನಾಡಬೇಕೆಂಬುದು ಇದರ ತಿರುಳು.

ಎಲ್ಲರೂ ಒಂದೇ ಬಗೆಯವರಲ್ಲ

ನಾಕಾಬಂದಿಯಲ್ಲಿ ಸಿಕ್ಕವರೆಲ್ಲರನ್ನೂ ಒಂದೇ ಕೋಣೆಯಲ್ಲಿ ಕುಳ್ಳಿರಿಸಿ ಒಂದೇ ಉಪನ್ಯಾಸ ಮಾಡುವುದರಿಂದ ಪ್ರಯೋಜನ ಅಲ್ಪ. ಅವರಲ್ಲಿ ಗೆಳೆಯನ ಮದುವೆಯ ಊಟದಲ್ಲಿ ವರ್ಷಕ್ಕೊಮ್ಮೆ ಬಿಯರ್ ಕುಡಿದವನಿರುತ್ತಾನೆ. ವಾರಕ್ಕೆ ಮೂರು ದಿನ ಕುಡಿಯುವ, ಆದರೆ ಕೈ ನಡುಗದ ನೌಕರನಿರುತ್ತಾನೆ. ಬೆಳಿಗ್ಗೆ ಎದ್ದೊಡನೆ ಒಂದು ಗುಟುಕು ಕುಡಿಯದಿದ್ದರೆ ರಿಕ್ಷಾದ ಹ್ಯಾಂಡಲ್ ಹಿಡಿಯಲಾಗದವನೂ ಇರುತ್ತಾನೆ. ಮೊದಲನೆಯವನಿಗೆ ಬೇಕಾದದ್ದು ತಿಳಿವಳಿಕೆ, ಎರಡನೆಯವನಿಗೆ ಆಪ್ತಸಲಹೆ, ಮೂರನೆಯವನಿಗೆ ಚಿಕಿತ್ಸೆ. ಮೂರನೆಯವನಿಗೆ ಬರಿಯ ಉಪದೇಶ ಮಾಡಿ ಕಳುಹಿಸುವುದು ಜ್ವರ ಬಂದವನಿಗೆ ಜ್ವರ ಬರಬಾರದೆಂದು ಹೇಳಿದಂತೆಯೇ ಸರಿ.

ಈ ವಿಂಗಡಣೆಗೆ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ 'ಆಡಿಟ್' ಎಂಬ ಪ್ರಶ್ನಾವಳಿಯು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರಲ್ಲಿ 10 ಪ್ರಶ್ನೆಗಳಿದ್ದು ಒಟ್ಟು ಅಂಕಗಳು 40. ಎಷ್ಟು ದಿನಗಳಿಗೊಮ್ಮೆ ಕುಡಿಯುವುದು, ಒಮ್ಮೆಗೆ ಎಷ್ಟು, ಆರಂಭಿಸಿದ ಮೇಲೆ ನಿಲ್ಲಿಸಲಾಗದೆ ಹೋದದ್ದುಂಟೆ, ಮರುದಿನ ಪಶ್ಚಾತ್ತಾಪವಾದದ್ದುಂಟೆ, ಮನೆಯವರೋ ವೈದ್ಯರೋ ಆತಂಕ ವ್ಯಕ್ತಪಡಿಸಿದ್ದುಂಟೆ ಎಂಬಂತಹ ಪ್ರಶ್ನೆಗಳಿವು. 8 ಅಥವಾ ಅದಕ್ಕೂ ಹೆಚ್ಚು ಅಂಕ ಬಂದರೆ ಕುಡಿತವು ಅಪಾಯದ ಮಟ್ಟ ತಲುಪಿದೆಯೆಂದೂ, 20 ಅಥವಾ ಅದಕ್ಕೂ ಹೆಚ್ಚು ಬಂದರೆ ಅವಲಂಬನೆಯ ಶಂಕೆಯಿದ್ದು ತಜ್ಞರ ಪರೀಕ್ಷೆ ಅಗತ್ಯವೆಂದೂ ಭಾವಿಸಲಾಗುತ್ತದೆ. ಪ್ರಶ್ನಾವಳಿ ಮುಗಿಸಲು ಐದು ನಿಮಿಷ ಸಾಕು. ಆದರೆ ಪೊಲೀಸ್ ಠಾಣೆಯ ಮೇಜಿನ ಮುಂದೆ, ಸಮವಸ್ತ್ರದವರ ಎದುರಿನಲ್ಲಿ ಕೇಳಿದರೆ ಎಲ್ಲರ ಅಂಕವೂ ಸೊನ್ನೆಯೇ ಆಗುತ್ತದೆ. ಪ್ರಶ್ನೆ ಕೇಳುವವರು ಬೇರೆಯವರಾಗಿರಬೇಕು, ಸ್ಥಳ ಬೇರೆಯಾಗಿರಬೇಕು, ಅಲ್ಲಿ ಆಡಿದ ಮಾತು ಮೊಕದ್ದಮೆಯ ಕಾಗದಗಳಿಗೆ ಹೋಗುವುದಿಲ್ಲವೆಂಬ ಭರವಸೆಯನ್ನು ಮೊದಲೇ ನೀಡಬೇಕು.

ಮಾತು ಹೇಗೆ ನಡೆಯಬೇಕು?

ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಸಂಸಾರ ಹೂಡಿರುವ, ಠಾಣೆಯ ಒಂದು ಪರ್ಮಿಟ್ ರೂಮಿನಲ್ಲಿ ಗಲ್ಲಾ ನೋಡಿಕೊಳ್ಳುವ ನಲವತ್ತರ ಆಸುಪಾಸಿನ ಒಬ್ಬನನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅಂಗಡಿ ಮುಚ್ಚಿ ಲೆಕ್ಕ ಒಪ್ಪಿಸಿದ ಮೇಲೆ ಜೊತೆಯವರೊಡನೆ ಒಂದು ಕ್ವಾರ್ಟರ್ ಮುಗಿಸುವುದು ಅವನ ರೂಢಿ. ಆ ಬಳಿಕ ಸ್ಕೂಟರಿನಲ್ಲಿ ಕಳವಾ, ಮುಂಬ್ರಾ, ಶೀಳ್‌ಫಾಟಾ ದಾಟಿ ಮನೆಗೆ ಹೋಗುತ್ತಾನೆ. ಹತ್ತು ವರ್ಷಗಳಿಂದ ಏನೂ ಆಗಿಲ್ಲ. ಈಗ ಸಿಕ್ಕಿಬಿದ್ದಿದ್ದಾನೆ. ಆಪ್ತಸಲಹೆಗಾರರ ಮುಂದೆ ಬಂದು ಕುಳಿತಾಗ ಅವನಲ್ಲಿರುವುದು ಪಶ್ಚಾತ್ತಾಪವಲ್ಲ, ಸಿಟ್ಟು. ಕಾರಿನವರನ್ನು ಬಿಟ್ಟು ತನ್ನಂತಹವರನ್ನು ಹಿಡಿದರೆಂಬ ಸಿಟ್ಟು, ದಂಡದ ಹಣ ಊರಿಗೆ ಕಳುಹಿಸಬೇಕಾಗಿದ್ದ ಹಣವೆಂಬ ಸಿಟ್ಟು.

ಇಂತಹವನಿಗೆ ಮೊದಲ ಮಾತಿನಲ್ಲಿಯೇ ಕುಡಿತದ ದುಷ್ಪರಿಣಾಮಗಳನ್ನು ಹೇಳಲು ತೊಡಗಿದರೆ ಅವನು ಹಠಕ್ಕೆ ಬೀಳುತ್ತಾನೆ. ಎದುರಿನವರು 'ಬಿಡು' ಎಂದಷ್ಟೂ ಮನುಷ್ಯ 'ಏಕೆ ಬಿಡಬೇಕು' ಎಂಬುದಕ್ಕೆ ಕಾರಣ ಹುಡುಕುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡಗೂಡಿ ಬೆಳೆಸಿದ ಪ್ರೇರಣಾತ್ಮಕ ಸಂದರ್ಶನ ಪದ್ಧತಿಯು ಈ ಅನುಭವದ ಮೇಲೆಯೇ ನಿಂತಿದೆ. ಬದಲಾಗಬೇಕೆಂಬ ಕಾರಣವನ್ನು ಸಲಹೆಗಾರರು ಹೇಳಬಾರದು. ಬಂದವನ ಬಾಯಿಂದಲೇ ಅದು ಹೊರಡುವಂತೆ ಪ್ರಶ್ನಿಸಬೇಕು.

"ಆ ರಾತ್ರಿ ನಿಮ್ಮನ್ನು ತಡೆದು ನಿಲ್ಲಿಸಿದಾಗ ಮೊದಲು ಯಾರ ನೆನಪಾಯಿತು?" ಎಂದು ಕೇಳಬಹುದು. "ಈ ರೂಢಿಯಿಂದ ನಿಮಗೆ ಆಗುತ್ತಿರುವ ಒಳ್ಳೆಯದೇನು?" ಎಂದೂ ಕೇಳಬಹುದು. ಈ ಎರಡನೆಯ ಪ್ರಶ್ನೆ ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಹದಿನಾಲ್ಕು ಗಂಟೆ ನಿಂತು ದುಡಿದ ಆಯಾಸ, ಊರು ಬಿಟ್ಟ ಒಂಟಿತನ, ಜೊತೆಯವರೊಡನೆ ನಗುವ ಅರ್ಧ ಗಂಟೆ ಇವೆಲ್ಲ ಆ ಕ್ವಾರ್ಟರಿನೊಡನೆ ಬೆರೆತಿವೆ. ಇದನ್ನು ಒಪ್ಪಿಕೊಂಡವರೊಡನೆ ಮಾತ್ರ ಅವನು ಮುಂದಿನ ಮಾತನ್ನಾಡುತ್ತಾನೆ. ಮಾತು ಮುಂದುವರಿದಂತೆ, ಕಳೆದ ಮಳೆಗಾಲದಲ್ಲಿ ಬೈಪಾಸಿನ ತಿರುವಿನಲ್ಲಿ ಸ್ಕೂಟರ್ ಜಾರಿದ್ದು, ಅದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟದ್ದು, ಮಗಳು ತಾನು ಬರುವವರೆಗೆ ನಿದ್ದೆ ಮಾಡದಿರುವುದು ಒಂದೊಂದಾಗಿ ಹೊರಬರಬಹುದು. ಆಗ ಸಲಹೆಗಾರರು ಮಾಡಬೇಕಾದ ಕೆಲಸ ಬಹಳ ಸಣ್ಣದು: ಅವನು ಹೇಳಿದ್ದನ್ನೇ ಅವನಿಗೆ ಮತ್ತೊಮ್ಮೆ ಕೇಳಿಸುವುದು.

ಅನಂತರ ಲೆಕ್ಕದ ಮಾತು. ಇಲ್ಲಿ ಅನುಮಾನಕ್ಕೆಡೆಯಿಲ್ಲದ ಮಾಹಿತಿಯನ್ನು ಸರಳವಾಗಿ ನೀಡಬೇಕು. 60 ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 20 ಗ್ರಾಮ್ ಶುದ್ಧ ಮದ್ಯಸಾರವಿರುತ್ತದೆ. 70 ಕಿಲೋಗ್ರಾಮ್ ತೂಕದ ಪುರುಷನೊಬ್ಬ ಖಾಲಿ ಹೊಟ್ಟೆಯಲ್ಲಿ ಇಷ್ಟು ಕುಡಿದರೆ ಅವನ ರಕ್ತದಲ್ಲಿ ಮದ್ಯಸಾರದ ಪ್ರಮಾಣ 40 ಮಿಲಿಗ್ರಾಮಿನ ಆಸುಪಾಸಿಗೆ ಏರಬಹುದು. ಅಂದರೆ 'ಒಂದೇ ಪೆಗ್' ಎಂಬ ಮಾತಿನಲ್ಲಿಯೇ ಕಾನೂನಿನ ಮಿತಿ ಮೀರಿರುವ ಸಂಭವವಿದೆ. 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ 60 ಗ್ರಾಮ್ ಇರುತ್ತದೆ. ರಕ್ತದಲ್ಲಿ ಅದು 120 ಮಿಲಿಗ್ರಾಮನ್ನು ಮುಟ್ಟಬಹುದು. ಯಕೃತ್ತು ಇದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಮಾತ್ರ ಇಳಿಸಬಲ್ಲದು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರಿನ ಸ್ನಾನ, ಬಾಯಿ ತುಂಬ ಪಾನ್ ಇವುಗಳಲ್ಲಿ ಯಾವುದೂ ಆ ವೇಗವನ್ನು ಹೆಚ್ಚಿಸಲಾರದು. ಮಧ್ಯರಾತ್ರಿ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಿಗ್ಗೆ 6 ಗಂಟೆಗೆ ಮಕ್ಕಳನ್ನು ಶಾಲೆಗೆ ಬಿಡಲು ಸ್ಕೂಟರ್ ತೆಗೆದಾಗಲೂ ಮಿತಿಯ ಅಂಚಿನಲ್ಲಿಯೇ ಇರಬಹುದು. ಮಲಗಿ ಎದ್ದರೆ ಇಳಿಯಿತೆಂಬ ನಂಬಿಕೆ ಹೊಂದಿರುವ ಅನೇಕರಿಗೆ ಈ ಸಂಗತಿ ಹೊಸದಾಗಿರುತ್ತದೆ. ಲಾರಿ ಚಾಲಕರಿಗಂತೂ ಇದನ್ನು ಕಾಗದದ ಮೇಲೆ ಬರೆದು ತೋರಿಸಬೇಕು.

ಕೊನೆಯಲ್ಲಿ ಒಂದು ಯೋಜನೆ ಸಿದ್ಧವಾಗಬೇಕು. 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ' ಎಂಬುದು ಯೋಜನೆಯಲ್ಲ. ಕುಡಿಯುವ ಸಂಭವವಿರುವ ದಿನ ಸ್ಕೂಟರನ್ನು ಡೊಂಬಿವಲಿ ನಿಲ್ದಾಣದಲ್ಲಿಯೇ ಬಿಟ್ಟು ಲೋಕಲ್ ರೈಲಿನಲ್ಲಿ ಬರುವುದು, ಕೊನೆಯ ಗಾಡಿಯ ಹೊತ್ತನ್ನು ಗಲ್ಲಾಪೆಟ್ಟಿಗೆಯ ಮೇಲೆ ಬರೆದಂಟಿಸುವುದು, ಅದು ತಪ್ಪಿದರೆ ಹೋಟೆಲಿನ ಕೋಣೆಯಲ್ಲಿ ಮಲಗುವುದು, ಕೀಲಿಯನ್ನು ಕುಡಿಯದ ಜೊತೆಗಾರನ ಕೈಗೆ ಮೊದಲೇ ಕೊಡುವುದು: ಯೋಜನೆಯೆಂದರೆ ಇದು. ಕೀಲಿಯನ್ನು ಮೊದಲೇ ಕೊಡಬೇಕು, ಏಕೆಂದರೆ ಎರಡನೆಯ ಪೆಗ್ಗಿನ ನಂತರ ನಿರ್ಧಾರ ಕೈಗೊಳ್ಳುವ ಮನುಷ್ಯ ಬೇರೆಯವನಾಗಿರುತ್ತಾನೆ. ಎರಡು ಮೂರು ವಾರಗಳ ಬಳಿಕ ಅವನನ್ನು ಮತ್ತೆ ಕರೆದು, ಯೋಜನೆಯಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲವೆಂದು ವಿಚಾರಿಸಬೇಕು. ನಡೆಯದಿದ್ದುದಕ್ಕೆ ಬಯ್ಯುವ ಬದಲು ಯೋಜನೆಯನ್ನು ತಿದ್ದುವುದು ಲೇಸು.

ಭಯ ಮತ್ತು ಅವಮಾನ

ಜಜ್ಜಿಹೋದ ದೇಹಗಳ ಚಿತ್ರ ತೋರಿಸುವುದು, ಫಲಕ ಹಿಡಿಸಿ ಚೌಕದಲ್ಲಿ ನಿಲ್ಲಿಸುವುದು, ಒಂದೇ ವಾಕ್ಯವನ್ನು ಸಾವಿರ ಸಲ ಬರೆಸುವುದು ಮುಂತಾದ ಕ್ರಮಗಳನ್ನು ದೇಶದ ಹಲವೆಡೆ ಪ್ರಯೋಗಿಸಿದ್ದುಂಟು. ಇವು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ. ಅವಮಾನಿತನಾದವನು ಆ ಸಂಜೆ ಮೊದಲು ಹುಡುಕುವುದು ಸೀಸೆಯನ್ನೇ ಎಂಬುದನ್ನು ವ್ಯಸನಮುಕ್ತಿ ಕ್ಷೇತ್ರದಲ್ಲಿ ದುಡಿದವರೆಲ್ಲ ಬಲ್ಲರು. ಅಮೆರಿಕದಲ್ಲಿ ಅಪಘಾತದಲ್ಲಿ ಮಡಿದವರ ಬಂಧುಗಳನ್ನು ಕರೆಸಿ ಅಪರಾಧಿಗಳ ಮುಂದೆ ಮಾತನಾಡಿಸುವ ಪದ್ಧತಿ ರೂಢಿಗೆ ಬಂತು. ಕೇಳುವಾಗ ಅದು ಮನಸ್ಸನ್ನು ಕಲಕಿದರೂ ಮರು ಅಪರಾಧವನ್ನು ಅದು ಖಚಿತವಾಗಿ ತಗ್ಗಿಸಿತೆಂಬುದಕ್ಕೆ ಅಧ್ಯಯನಗಳಿಂದ ಸ್ಪಷ್ಟ ಆಧಾರ ದೊರೆತಿಲ್ಲ.

ಕುಟುಂಬದ ಪಾತ್ರ

ಹೈದರಾಬಾದಿನಲ್ಲಿ ಸಂಚಾರ ಪೊಲೀಸರು, ಕುಡಿದು ವಾಹನ ಚಲಾಯಿಸಿ ಸಿಕ್ಕವರು ನ್ಯಾಯಾಲಯಕ್ಕೆ ಹಾಜರಾಗುವ ಮುನ್ನ ಗೋಶಾಮಹಲ್ ಮತ್ತು ಬೇಗಂಪೇಟೆಯ ಸಂಚಾರ ತರಬೇತಿ ಸಂಸ್ಥೆಗಳಲ್ಲಿ ಸಲಹಾ ತರಗತಿಗೆ ಬರುವ ಪದ್ಧತಿಯನ್ನು ರೂಢಿಸಿದರು. ತಂದೆ, ತಾಯಿ ಅಥವಾ ಪತ್ನಿಯನ್ನು ಜೊತೆಯಲ್ಲಿ ಕರೆತರಬೇಕೆಂಬುದು ಇದರ ವೈಶಿಷ್ಟ್ಯ. ಮುಚ್ಚಿಟ್ಟ ಸಂಗತಿ ಮನೆಯವರಿಗೆ ತಿಳಿಯುವುದರಿಂದ ಪರಿಣಾಮ ಆಗುತ್ತದೆಂಬುದು ನಿಜ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಗಂಡನನ್ನು ಕುಡಿಯದಂತೆ ನೋಡಿಕೊಳ್ಳುವುದು ಹೆಂಡತಿಯ ಹೊಣೆಯೆಂಬ ಭಾವನೆ ಬರುವಂತೆ ಯಾರೂ ಮಾತನಾಡಬಾರದು. ಆ ತಪ್ಪು ಅವಳದಲ್ಲ. ಕೀಲಿ ಬಚ್ಚಿಟ್ಟದ್ದಕ್ಕಾಗಿ ಪೆಟ್ಟು ತಿಂದ ಹೆಂಗಸರಿದ್ದಾರೆ. ಆದುದರಿಂದ ಅವಳೊಡನೆ ಪ್ರತ್ಯೇಕವಾಗಿ ಮಾತನಾಡಿ, ಮನೆಯಲ್ಲಿ ಹಿಂಸೆ ಉಂಟೆ ಎಂಬುದನ್ನು ಅರಿತುಕೊಂಡ ನಂತರವೇ ಇಬ್ಬರನ್ನೂ ಜೊತೆಯಲ್ಲಿ ಕೂರಿಸಬೇಕು.

ಚಿಕಿತ್ಸೆ ಬೇಕಾದವರು

ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ನೆರವು ಬೇಕಾಗಿದೆ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಉಳಿದ 37 ಜನರಲ್ಲಿ ಅನೇಕರು ಎಂದಾದರೊಮ್ಮೆ ಪೊಲೀಸರ ಕಣ್ಣಿಗೆ ಬೀಳುವವರೇ. ಆಸ್ಪತ್ರೆಯ ಬಾಗಿಲನ್ನು ತಾನಾಗಿ ಎಂದೂ ತುಳಿಯದವನನ್ನು ಅಲ್ಲಿಗೆ ತಲುಪಿಸುವ ದಾರಿಯಾಗಿ ನಾಕಾಬಂದಿಯನ್ನು ಬಳಸಿಕೊಳ್ಳಲು ಸಾಧ್ಯವಿದೆ.

ದಿನವೂ ಹೆಚ್ಚು ಕುಡಿಯುವವನು ಹೆದರಿ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಕೈಕಾಲು ನಡುಕ, ಬೆವರು, ನಿದ್ರಾಹೀನತೆಗಳಿಂದ ಆರಂಭವಾಗಿ ಸೆಳವು ಬರಬಹುದು. ಎರಡು ಮೂರು ದಿನಗಳಲ್ಲಿ ಭ್ರಮೆಯುಂಟಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಇಂತಹವರು ವೈದ್ಯರ ಉಸ್ತುವಾರಿಯಲ್ಲಿಯೇ ಕುಡಿತ ನಿಲ್ಲಿಸಬೇಕು. ಠಾಣೆಯ ಸರ್ಕಾರಿ ಮನೋರೋಗ ಆಸ್ಪತ್ರೆ 1901ರಷ್ಟು ಹಳೆಯದು. ಅದೇ ನಗರದಲ್ಲಿ ಮನೋವೈದ್ಯ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಸ್ಥಾಪಿಸಿದ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೆ. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ ಅವಚಟ್ ದಂಪತಿಗಳು 1986ರಲ್ಲಿ ಆರಂಭಿಸಿದ 'ಮುಕ್ತಾಂಗಣ' ವ್ಯಸನಮುಕ್ತಿ ಕೇಂದ್ರವು ಮಹಾರಾಷ್ಟ್ರದಾದ್ಯಂತ ಹೆಸರಾಗಿದೆ. ಮರಾಠಿಯಲ್ಲಿ ವ್ಯವಹಾರ ನಡೆಸಬಲ್ಲವನೂ ನಾಚಿಕೆಯ ಸಂಗತಿಯನ್ನು ಹೇಳಿಕೊಳ್ಳಲು ತಾಯ್ನುಡಿಯನ್ನೇ ಅರಸುತ್ತಾನೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ ಸೇವೆಯಲ್ಲಿ (ಸಂಖ್ಯೆ 14416) ಕನ್ನಡವೂ ಒಂದು ಭಾಷೆ. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446.

ಮಾಲೀಕರ ಹೊಣೆ

ಈ ನಗರಗಳಲ್ಲಿ ಕರಾವಳಿ ಕನ್ನಡಿಗರು ನಡೆಸುವ ಹೋಟೆಲು, ಬಾರುಗಳು ಬಹಳ. ಕನ್ನಡ ಸಂಘಗಳೂ ಅನೇಕವಿವೆ. ಕುಡಿದು ವಾಹನ ಚಲಾಯಿಸಲು ಪ್ರಚೋದನೆ ನೀಡಿದವನಿಗೂ ಮೋಟಾರು ವಾಹನಗಳ ಕಾಯಿದೆಯ 188ನೆಯ ಕಲಮಿನಂತೆ ಶಿಕ್ಷೆಯಾಗಬಹುದೆಂಬುದು ಲಾರಿ ಮಾಲೀಕರಲ್ಲಿಯೂ ಹೋಟೆಲ್ ಮಾಲೀಕರಲ್ಲಿಯೂ ಅನೇಕರಿಗೆ ತಿಳಿದಿಲ್ಲ. ಚಾಲಕನ ಮೊದಲ ತಪ್ಪಿಗೆ ಕೆಲಸದಿಂದ ತೆಗೆಯುವುದು ಸುಲಭ. ಹಾಗೆ ತೆಗೆದವನು ಮುಂದಿನ ವಾರ ಮತ್ತೊಬ್ಬರ ಲಾರಿಯ ಚಕ್ರ ಹಿಡಿದಿರುತ್ತಾನೆ. ಪರವಾನಗಿ ಅಮಾನತಿನಲ್ಲಿರುವ ಅವಧಿಯಲ್ಲಿ ಅವನನ್ನು ಗೋದಾಮಿನ ಕೆಲಸಕ್ಕೆ ಹಚ್ಚಿ, ಸಲಹಾ ಕೇಂದ್ರಕ್ಕೆ ಹೋಗಿಬರಲು ಬಿಡುವು ನೀಡುವ ಮಾಲೀಕನು ರಸ್ತೆಯ ಮೇಲಿನ ಅಪಾಯವನ್ನು ಹೆಚ್ಚು ತಗ್ಗಿಸುತ್ತಾನೆ.

ಫಲ ಎಷ್ಟು?

ಆಪ್ತಸಲಹೆಯಿಂದ ಪವಾಡ ನಡೆಯುವುದಿಲ್ಲ. ಪಾನಮತ್ತ ಚಾಲಕರ ಸುಧಾರಣಾ ಕಾರ್ಯಕ್ರಮಗಳ ಕುರಿತ 215 ಅಧ್ಯಯನಗಳನ್ನು ಒಟ್ಟುಗೂಡಿಸಿ 1995ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮರು ಅಪರಾಧಗಳು ಶೇಕಡಾ 7ರಿಂದ 9ರಷ್ಟು ತಗ್ಗಿದ್ದು ಕಂಡುಬಂತು. ತಿಳಿವಳಿಕೆ, ಆಪ್ತಸಲಹೆ, ಅನಂತರದ ಸಂಪರ್ಕ ಈ ಮೂರೂ ಕೂಡಿದಾಗ ಫಲ ಹೆಚ್ಚಾಗಿತ್ತು. ನಮ್ಮ ದೇಶದಲ್ಲಿಯೇ, ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 'ಸಂಗತ್' ಸಂಸ್ಥೆಯವರು ನಡೆಸಿದ ಪ್ರಯೋಗವೊಂದಿದೆ. ಅದು ಚಾಲಕರಿಗಾಗಿ ನಡೆದದ್ದಲ್ಲ. ಹಾನಿಕರವಾಗಿ ಕುಡಿಯುವ ಪುರುಷರಿಗಾಗಿ ನಡೆದದ್ದು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ಗರಿಷ್ಠ ನಾಲ್ಕು ಭೇಟಿಗಳಲ್ಲಿ ಸಲಹೆ ನೀಡಿದರು. ಮೂರು ತಿಂಗಳ ನಂತರ, ಸಲಹೆ ಪಡೆದವರಲ್ಲಿ ಶೇಕಡಾ 36ರಷ್ಟು ಜನರ ಕುಡಿತವು ಅಪಾಯದ ಮಟ್ಟದಿಂದ ಕೆಳಗಿಳಿದಿತ್ತು. ಮಾಮೂಲು ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇಕಡಾ 26. ಪ್ರತಿ ನಗರಕ್ಕೂ ಬೇಕಾಗುವಷ್ಟು ಮನೋವೈದ್ಯರಿಲ್ಲದ ದೇಶದಲ್ಲಿ, ಶಿಕ್ಷಕರು, ಸಮಾಜ ಕಾರ್ಯಕರ್ತರು, ಕುಡಿತ ಬಿಟ್ಟು ಚೇತರಿಸಿಕೊಂಡವರು ತರಬೇತಿ ಪಡೆದು ಈ ಕೆಲಸ ಮಾಡಬಲ್ಲರೆಂಬುದು ದೊಡ್ಡ ಸಂಗತಿ.

ಇದಕ್ಕೆ ಕಾನೂನಿನ ಆಸರೆಯೂ ಇಲ್ಲದಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ 4ನೆಯ ಕಲಮಿನ ಮೇರೆಗೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡುವಾಗ, ಮಾದಕ ವಸ್ತುಗಳಿಂದ ದೂರವಿರಬೇಕೆಂಬ ಷರತ್ತನ್ನು ನ್ಯಾಯಾಲಯವು ವಿಧಿಸಬಹುದು. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಅಮಾನತಾದ ಪರವಾನಗಿಯನ್ನು ಮರಳಿ ಪಡೆಯುವ ಮುನ್ನ ಚಾಲಕನು ಪುನಶ್ಚೇತನ ತರಬೇತಿಯನ್ನು ಪೂರೈಸಬೇಕು. ರಸ್ತೆಯ ಚಿಹ್ನೆಗಳನ್ನೂ ವೇಗದ ಮಿತಿಯನ್ನೂ ಹೇಳಿಕೊಡುವ ಆ ತರಬೇತಿಯಲ್ಲಿ, ಕುಡಿದು ಸಿಕ್ಕವರಿಗಾಗಿ ಆಡಿಟ್ ಪ್ರಶ್ನಾವಳಿಗೆ ಹಾಗೂ ಅರ್ಧ ಗಂಟೆಯ ಏಕಾಂತದ ಮಾತಿಗೆ ಎಡೆ ಮಾಡಿಕೊಡಲು ಹೊಸ ಕಾಯಿದೆಯೇನೂ ಬೇಕಾಗದು. ಒಂದು ಕೋಣೆ, ಎರಡು ಕುರ್ಚಿ ಮತ್ತು ಬಂದವನ ಭಾಷೆ ಬಲ್ಲ ಒಬ್ಬ ಸಲಹೆಗಾರರು ಇದ್ದರೆ ಸಾಕು.